ದಕ್ಷಿಣ ಏಷ್ಯಾದ ಡಿಜಿಟಲ್ ವ್ಯಾಪಾರ ಕಾನೂನು ಹೋಲಿಸೋದು ಹೇಗೆ? ನನ್ನ ಪಟ್ಟಿಯಲ್ಲಿ ಎಲ್ಲರಿಗೂ ಟಿಕ್ ಬಿದ್ದಿದೆ

ಶಂಕರಘಟ್ಟ_ಎಂಕಾಂ

ಎಲ್ಲರಿಗೂ ನಮಸ್ಕಾರ. ನಾನು ಶಂಕರಘಟ್ಟದಲ್ಲಿ ಎಂಕಾಂ ಕೊನೆಯ ವರ್ಷ ಓದುತ್ತಿದ್ದೇನೆ. ಪ್ರಾಜೆಕ್ಟ್‌ಗೆ ತಗೊಂಡಿರುವ ವಿಷಯ ಡಿಜಿಟಲ್ ವ್ಯಾಪಾರದ ನಿಯಮಗಳು. ಭಾರತ, ನೇಪಾಳ, ಬಾಂಗ್ಲಾದೇಶ, ಶ್ರೀಲಂಕಾ, ಈ ನಾಲ್ಕನ್ನು ಹೋಲಿಸಬೇಕು. ಆಗ್ನೇಯ ಏಷ್ಯಾದ ಒಂದೆರಡು ದೇಶ ಸೇರಿಸಿದರೆ ಒಳ್ಳೆಯದು ಅಂತ ಗೈಡ್ ಹೇಳಿದ್ದಾರೆ.

ಶುರುವಿಗೆ ಒಂದು ಪಟ್ಟಿ ಮಾಡಿದೆ. ಎಲೆಕ್ಟ್ರಾನಿಕ್ ಸಹಿ, ಒಪ್ಪಂದಗಳಿಗೆ ಮಾನ್ಯತೆ ಕೊಡುವ ಕಾನೂನು ಇದೆಯಾ? ಭಾರತದಲ್ಲಿ 2000ದ ಐಟಿ ಕಾಯ್ದೆ ಇದೆ, ಶ್ರೀಲಂಕಾ ಮತ್ತು ಬಾಂಗ್ಲಾದೇಶದಲ್ಲಿ 2006ರದ್ದು, ನೇಪಾಳದಲ್ಲಿ 2008ರದ್ದು. ಎಲ್ಲರಿಗೂ ಟಿಕ್. ಗ್ರಾಹಕರ ರಕ್ಷಣೆ? ಬಾಂಗ್ಲಾದೇಶ 2009, ನೇಪಾಳ 2018, ನಮ್ಮದು 2019, ಶ್ರೀಲಂಕಾದ್ದು 2003. ಮತ್ತೆ ಟಿಕ್. ಖಾಸಗಿ ಮಾಹಿತಿ ರಕ್ಷಣೆಗೆ ನೇಪಾಳ 2018ರಲ್ಲಿ, ಶ್ರೀಲಂಕಾ 2022ರಲ್ಲಿ, ಭಾರತ 2023ರಲ್ಲಿ ಕಾಯ್ದೆ ಮಾಡಿವೆ. ಈ ಪಟ್ಟಿ ನೋಡಿದರೆ ನಾಲ್ಕೂ ದೇಶ ಹೆಚ್ಚುಕಮ್ಮಿ ಒಂದೇ ಥರ ಕಾಣುತ್ತವೆ. ಆದರೆ ಅಲ್ಲಿ ವ್ಯಾಪಾರ ಮಾಡುವವರ ಅನುಭವ ಒಂದೇ ಥರ ಇಲ್ಲವಲ್ಲ?

ನಮ್ಮೂರು ತೀರ್ಥಹಳ್ಳಿ ಕಡೆ. ಪಕ್ಕದ ಮನೆಯವರದ್ದು ಕಾಳುಮೆಣಸಿನ ತೋಟ. ಊರಿನ ಸ್ವಸಹಾಯ ಸಂಘದ ಹೆಂಗಸರು ಉಪ್ಪಿನಕಾಯಿ, ಹಪ್ಪಳ ಮಾಡಿ ಮಾರುತ್ತಾರೆ. ನಾನು ಈ ವಿಷಯ ಓದುತ್ತಿದ್ದೇನೆ ಅಂತ ಗೊತ್ತಾದ ಮೇಲೆ "ಹೊರದೇಶಕ್ಕೆ ಆನ್‌ಲೈನಲ್ಲಿ ಕಳಿಸಬಹುದಾ, ಯಾವ ದೇಶ ಸುಲಭ?" ಅಂತ ಕೇಳುತ್ತಾರೆ. ಅವರಿಗೆ ಹೇಳುವುದಕ್ಕೂ ಈ ಪ್ರಾಜೆಕ್ಟ್ ಆಗಬೇಕು ಅಂತ ನನಗೆ ನಿಜವಾಗಿ ಆಸೆ ಇದೆ. ಹೋಲಿಕೆಯನ್ನು ಯಾವ ದಾರಿಯಲ್ಲಿ ಮಾಡಲಿ? ಈ ಕೆಲಸ ಮಾಡಿ ಗೊತ್ತಿರುವವರು ದಯವಿಟ್ಟು ಹೇಳಿ.

ಹೊಳೆಬಾಗಿಲು

ತಂಗಿ, ಕಾನೂನಿನ ಹೆಸರು ಹಿಡಿದು ಹೊರಡಬೇಡ. ಒಂದು ಆರ್ಡರ್ ಹಿಡಿದು ಹೊರಡು. ಅದು ಬಂದಲ್ಲಿಂದ ದುಡ್ಡು ಕೈಗೆ ಸೇರುವ ತನಕ ಎಲ್ಲೆಲ್ಲಿ ನಿಲ್ಲುತ್ತದೆ ನೋಡು. ಪ್ರತಿ ನಿಲುಗಡೆಯಲ್ಲಿ ಯಾವ ದೇಶದ ಯಾವ ನಿಯಮ ಎದುರಾಗುತ್ತದೆ ಅಂತ ಬರೆದುಕೋ. ಆಗ ವ್ಯತ್ಯಾಸ ತಾನಾಗಿ ಕಾಣುತ್ತದೆ.

ನಾನು ಸಾಗರದವಳು. ಕಾಳುಮೆಣಸು, ಏಲಕ್ಕಿ, ಅಪ್ಪೆಮಿಡಿ ಉಪ್ಪಿನಕಾಯಿ ಮಾರುತ್ತೇನೆ. ಹೊರಗಿನ ಗಿರಾಕಿಗಳು ಹೆಚ್ಚಿನವರು ಸಿಂಗಪುರ, ದುಬೈನಲ್ಲಿರುವ ನಮ್ಮ ಕಡೆಯವರೇ. ಒಂದು ಮೆಣಸಿನ ಪಾರ್ಸೆಲ್ ಅಂಚೆಯಲ್ಲಿ ಹೊರಡಬೇಕಾದರೆ ಏನೇನು ಬೇಕು ಹೇಳುತ್ತೇನೆ ಕೇಳು. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ (ಡಿಜಿಎಫ್‌ಟಿ) ಕೊಡುವ ಐಇಸಿ, ಅಂದರೆ ಆಮದು-ರಫ್ತು ನಂಬರ್. ಆಹಾರ ಪದಾರ್ಥ ಆದ್ದರಿಂದ ಎಫ್‌ಎಸ್‌ಎಸ್‌ಎಐ ಪರವಾನಗಿ. ಸಂಬಾರ ಪದಾರ್ಥ ಆದ್ದರಿಂದ ಸ್ಪೈಸಸ್ ಬೋರ್ಡ್‌ನಲ್ಲಿ ರಫ್ತುದಾರ ಅಂತ ನೋಂದಣಿ. ಆಮೇಲೆ ಅಂಚೆ ಇಲಾಖೆಯ ಪೋರ್ಟಲ್‌ನಲ್ಲಿ ಪೋಸ್ಟಲ್ ಬಿಲ್ ಆಫ್ ಎಕ್ಸ್‌ಪೋರ್ಟ್, ಅಂದರೆ ಅಂಚೆ ರಫ್ತಿನ ಘೋಷಣಾ ಪತ್ರ ತುಂಬಬೇಕು. ಸುಂಕಕ್ಕಾಗಿ ಸರಕು ಗುರುತಿಸುವ ಎಚ್‌ಎಸ್ ಕೋಡ್ ಮೆಣಸಿಗೆ 0904ರಿಂದ ಶುರು. ನಿವ್ವಳ ತೂಕ, ಬೆಲೆ, ಇನ್‌ವಾಯ್ಸ್ ನಂಬರ್ ಎಲ್ಲ ಡಬ್ಬದ ಮೇಲಿನ ಚೀಟಿಗೂ ಪೋರ್ಟಲ್‌ಗೂ ತಾಳೆಯಾಗಬೇಕು. ಒಂದು ಅಂಕಿ ಆಚೀಚೆ ಆದರೂ ಬೆಂಗಳೂರಿನ ವಿದೇಶಿ ಅಂಚೆ ಕಚೇರಿಯಲ್ಲಿ ಪಾರ್ಸೆಲ್ ಕೂತುಬಿಡುತ್ತದೆ. ಈ ಪೋಸ್ಟಲ್ ಬಿಲ್ ಆನ್‌ಲೈನ್‌ಗೆ ಬಂದಿದ್ದೇ 2022ರ ನಿಯಮಗಳಿಂದ. ಈಗ ಡಾಕ್ ಘರ್ ನಿರ್ಯಾತ್ ಕೇಂದ್ರಗಳಲ್ಲಿ ಇದನ್ನು ತುಂಬಲು ಸಹಾಯ ಮಾಡುತ್ತಾರೆ, ಅದು ನಮ್ಮಂಥವರಿಗೆ ದೊಡ್ಡ ಉಪಕಾರ. ಕೊರಿಯರ್‌ನಲ್ಲಿ ಕಳಿಸುವವರಿಗೆ ಇದ್ದ 5 ಲಕ್ಷದ ಮಿತಿಯನ್ನು 2023ರ ವಿದೇಶ ವ್ಯಾಪಾರ ನೀತಿಯಲ್ಲಿ 10 ಲಕ್ಷಕ್ಕೆ ಏರಿಸಿದರು. ಆದರೆ ಸಣ್ಣವರಿಗೆ ಮಿತಿ ಯಾವತ್ತೂ ಕಷ್ಟ ಆಗಿರಲಿಲ್ಲ, ಕಾಗದಪತ್ರವೇ ಕಷ್ಟ.

ಇನ್ನು ಗಿರಾಕಿಯ ಕಡೆಯಿಂದ ನೋಡು. ಬಾಂಗ್ಲಾದೇಶದಲ್ಲಿ ಇವ್ಯಾಲಿ ಥರದ ತಾಣಗಳು ಅರ್ಧ ಬೆಲೆಗೆ ಬೈಕು ಕೊಡುತ್ತೇವೆ ಅಂತ ಮುಂಗಡ ದುಡ್ಡು ಎತ್ತಿದವು, ವಸ್ತು ಬರಲಿಲ್ಲ. ಅದಾದ ಮೇಲೆ 2021ರಲ್ಲಿ ಅಲ್ಲಿನ ಸರ್ಕಾರ ಡಿಜಿಟಲ್ ವಾಣಿಜ್ಯದ ಮಾರ್ಗಸೂಚಿ ತಂದಿತು. ಪೂರ್ತಿ ದುಡ್ಡು ತಗೊಂಡರೆ ಅದೇ ಊರಲ್ಲಿ 5 ದಿನದೊಳಗೆ, ಬೇರೆ ಊರಿಗೆ 10 ದಿನದೊಳಗೆ ವಸ್ತು ತಲುಪಿಸಬೇಕು. ಗಿರಾಕಿ ಕೊಟ್ಟ ದುಡ್ಡು ಮಧ್ಯದಲ್ಲಿ ನಿಲ್ಲುತ್ತದೆ, ವಸ್ತು ತಲುಪಿದ ಮೇಲೆ ಮಾರಿದವರಿಗೆ ಹೋಗುತ್ತದೆ. ನಮ್ಮ 2020ರ ಇ-ಕಾಮರ್ಸ್ ನಿಯಮಗಳು ಬೇರೆ ದಾರಿ ಹಿಡಿದಿವೆ. ವಸ್ತು ಯಾವ ದೇಶದ್ದು ಅಂತ ತೋರಿಸಬೇಕು, ದೂರು ಬಂದರೆ 48 ಗಂಟೆಯೊಳಗೆ ಬಂತು ಅಂತ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ನಿನ್ನ ಪಟ್ಟಿಯಲ್ಲಿ ಎರಡಕ್ಕೂ ಒಂದೇ ಟಿಕ್ ಅಲ್ವಾ? ಆದರೆ ಒಂದು ನಿಯಮ ದುಡ್ಡನ್ನೇ ಹಿಡಿದು ನಿಲ್ಲಿಸುತ್ತದೆ, ಇನ್ನೊಂದು ಮಾಹಿತಿ ಮತ್ತು ದೂರಿನ ಮೇಲೆ ನಿಂತಿದೆ. ಮುಂಗಡ ದುಡ್ಡಿಲ್ಲದೆ ಮಾಲು ಕೊಳ್ಳಲಾಗದ ಸಣ್ಣ ಸಂಘಕ್ಕೆ ಮೊದಲನೆಯದು ಭಾರ ಆಗುತ್ತದೆ. ಹಾಗಂತ ಅದು ಕೆಟ್ಟ ನಿಯಮ ಅಲ್ಲ, ಅಷ್ಟು ಜನ ಮೋಸ ಹೋದ ಮೇಲೆ ಅದು ಬೇಕೇ ಇತ್ತು.

ತುಂಗಾನಾಲೆ

ಅಕ್ಕ ಹೇಳಿದ್ದು ಸರಿ. ನಾನು ಪಾರ್ಸೆಲ್ ಇಲ್ಲದ ವ್ಯಾಪಾರದ ಕಥೆ ಹೇಳುತ್ತೇನೆ.

ಶಿವಮೊಗ್ಗದಲ್ಲಿ ನಮ್ಮದೊಂದು ಸಣ್ಣ ಸಾಫ್ಟ್‌ವೇರ್ ಕಂಪನಿ. ಶಾಲೆಗಳಿಗೆ ಹಾಜರಿ, ಫೀಸು, ಅಂಕಪಟ್ಟಿ ನೋಡಿಕೊಳ್ಳುವ ತಂತ್ರಾಂಶ ಮಾಡುತ್ತೇವೆ. ನೇಪಾಳದ ಕೆಲವು ಶಾಲೆಗಳೂ ಬಳಸುತ್ತವೆ. ಅಲ್ಲಿನವರಿಗೆ ಇಷ್ಟ ಆಯ್ತು, ಬೆಲೆಯೂ ಒಪ್ಪಿಗೆ ಆಯ್ತು. ದುಡ್ಡು ಬರುವುದೇ ದೊಡ್ಡ ಕೆಲಸ ಆಯ್ತು. ನೇಪಾಳದಲ್ಲಿ ಸಾಮಾನ್ಯ ಜನ ಆನ್‌ಲೈನಲ್ಲಿ ಹೊರದೇಶದ ವಸ್ತುವಿಗೆ ಡಾಲರ್ ಕೊಡಲು ಪ್ರಿಪೇಯ್ಡ್ ಕಾರ್ಡ್ ಬಂದಿದ್ದು 2021ರ ಸುಮಾರಿಗೆ, ಆಗ ಅದಕ್ಕಿಟ್ಟ ಮಿತಿ ವರ್ಷಕ್ಕೆ 500 ಡಾಲರ್. ಶಾಲೆ ನಮಗೆ ಕೊಡಬೇಕಾದ್ದು ಅದರಲ್ಲಿ ಹಿಡಿಯುವುದಿಲ್ಲ. ಕೊನೆಗೆ ಬ್ಯಾಂಕಿನ ಮೂಲಕ ಭಾರತದ ರೂಪಾಯಿಯಲ್ಲೇ ತರಿಸಿಕೊಂಡೆವು. "2024ರಲ್ಲೇ ನೇಪಾಳದಲ್ಲಿ ಯುಪಿಐ ಬಂತಲ್ಲ" ಅಂತ ಎಲ್ಲರೂ ಹೇಳುತ್ತಾರೆ. ಬಂದಿದೆ, ಶ್ರೀಲಂಕಾದಲ್ಲೂ ಅದೇ ವರ್ಷ ಬಂತು. ಆದರೆ ಅದು ಬಂದಿದ್ದು ನಮ್ಮವರು ಕಠ್ಮಂಡುವಿಗೋ ಕೊಲಂಬೊಗೋ ಹೋಗಿ ಅಂಗಡಿಯಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡುವುದಕ್ಕೆ. ಅಲ್ಲಿಯ ಶಾಲೆ ಶಿವಮೊಗ್ಗದ ಕಂಪನಿಗೆ ಬಿಲ್ ಕಟ್ಟುವುದಕ್ಕಲ್ಲ. ನಿಮ್ಮ ಪ್ರಾಜೆಕ್ಟ್‌ನಲ್ಲಿ ಪಾವತಿ ಅಂತ ಒಂದು ಕಾಲಂ ಇದ್ದರೆ ದುಡ್ಡು ಯಾವ ದಿಕ್ಕಿನಲ್ಲಿ ಹೋಗಬಹುದು ಅಂತ ಖಂಡಿತ ಬರೆಯಿರಿ.

ಇನ್ನು ಮಾಹಿತಿಯ ವಿಷಯ. ಮಕ್ಕಳ ಹೆಸರು, ಜನ್ಮದಿನಾಂಕ, ಪೋಷಕರ ಫೋನ್ ನಂಬರ್ ನಮ್ಮ ಸರ್ವರ್‌ನಲ್ಲಿ ಇರುತ್ತವೆ. ಯಾವ ದೇಶದಲ್ಲಿ ಇಡಬೇಕು ಅನ್ನುವುದಕ್ಕೆ ಈ ಭಾಗದಲ್ಲಿ ಒಂದೊಂದು ದೇಶದ್ದು ಒಂದೊಂದು ದಾರಿ. ಭಾರತದಲ್ಲೇ ಎರಡು ದಾರಿ ಇದೆ ನೋಡಿ. 2018ರ ಏಪ್ರಿಲ್‌ನಲ್ಲಿ ಆರ್‌ಬಿಐ ಪಾವತಿಯ ಮಾಹಿತಿ ಪೂರ್ತಿ ಭಾರತದಲ್ಲೇ ಇರಬೇಕು ಅಂತ ಆದೇಶ ಮಾಡಿ ಆರು ತಿಂಗಳ ಸಮಯ ಕೊಟ್ಟಿತು. ಅದು ಬಿಗಿ. ಆದರೆ 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯ್ದೆ ಸಡಿಲ. ಸರ್ಕಾರ ಬೇಡ ಅಂತ ಹೆಸರಿಸಿದ ದೇಶಗಳನ್ನು ಬಿಟ್ಟು ಬೇರೆಲ್ಲಿಗಾದರೂ ಕಳಿಸಬಹುದು ಅನ್ನುತ್ತದೆ. ಅದೇ ವಿಯೆಟ್ನಾಂನಲ್ಲಿ 2018ರ ಸೈಬರ್ ಭದ್ರತಾ ಕಾನೂನು, ಅದರ ಮೇಲೆ 2022ರ 53ನೇ ಆಜ್ಞೆ. ಅಲ್ಲಿನ ಕಂಪನಿಗಳು ಬಳಕೆದಾರರ ಮಾಹಿತಿಯನ್ನು ದೇಶದೊಳಗೇ ಇಡಬೇಕು ಅಂತ ಅವು ಹೇಳಿದವು. ಇಂಡೋನೇಷ್ಯಾ ತದ್ವಿರುದ್ಧ ದಿಕ್ಕಿನಲ್ಲಿ ಹೋಯಿತು. 2012ರಲ್ಲಿ ಒಳಗೇ ಇಡಿ ಅಂದಿದ್ದು, 2019ರಲ್ಲಿ ಖಾಸಗಿಯವರು ಹೊರಗೂ ಇಡಬಹುದು ಅಂತ ಬದಲಾಯಿಸಿತು.

ಮುಖ್ಯ ಮಾತು ಇದು: ಕಾಯ್ದೆ ಪಾಸಾದ ವರ್ಷಕ್ಕೂ ಅದು ನಿಜವಾಗಿ ನಡೆಯುವ ವರ್ಷಕ್ಕೂ ನಡುವೆ ಅಂತರ ಇದೆ. ಶ್ರೀಲಂಕಾದ 2022ರ ಕಾಯ್ದೆಯ ಮುಖ್ಯ ಭಾಗಗಳು 2025ರ ಮಾರ್ಚ್‌ನಲ್ಲಿ ಜಾರಿಯಾಗಬೇಕಿತ್ತು, ಅದನ್ನು ಮುಂದೂಡಿದರು. ನಮ್ಮ 2023ರ ಕಾಯ್ದೆಗೆ ನಿಯಮಗಳು ಬಂದಿದ್ದೇ 2025ರ ನವೆಂಬರ್‌ನಲ್ಲಿ, ಕಂಪನಿಗಳ ಮುಖ್ಯ ಹೊಣೆಗಳು ಶುರುವಾಗಲು ಅಲ್ಲಿಂದ 18 ತಿಂಗಳು. ಅಂದರೆ 2027. ನಿಮ್ಮ ಪಟ್ಟಿಯ ಟಿಕ್ ತೆಗೆದು ಅಲ್ಲಿ ಮೂರು ತಾರೀಖು ಹಾಕಿ: ಪಾಸಾದದ್ದು, ನಿಯಮ ಬಂದದ್ದು, ಜಾರಿಯಾದದ್ದು. ಅರ್ಧ ಪ್ರಾಜೆಕ್ಟ್ ಅಲ್ಲೇ ಮುಗಿಯುತ್ತದೆ.

ಗಾಂಧಿಬಜಾರ್_ಲೆಕ್ಕ

ಇಷ್ಟು ಹೊತ್ತು ಯಾರೂ ತೆರಿಗೆ ಎತ್ತಲಿಲ್ಲ, ಹಾಗಾಗಿ ನಾನು ಬರೆಯುತ್ತೇನೆ. ನಾನು ತೆರಿಗೆ ಸಲಹೆಗಾರ, ನನ್ನ ಹತ್ತಿರ ಬರುವ ಸಣ್ಣ ರಫ್ತುದಾರರ ಪ್ರಶ್ನೆ ಶೇಕಡಾ ತೊಂಬತ್ತು ಇದರ ಮೇಲೆಯೇ.

ತುಂಗಾನಾಲೆಯವರು ರೂಪಾಯಿಯಲ್ಲಿ ತರಿಸಿಕೊಂಡೆವು ಅಂದರಲ್ಲ, ಅಲ್ಲಿ ಒಂದು ಸೂಕ್ಷ್ಮ ಇದೆ. ಜಿಎಸ್‌ಟಿಯಲ್ಲಿ ಸೇವೆಯ ರಫ್ತು ಅನ್ನಿಸಿಕೊಳ್ಳಬೇಕಾದರೆ ಮೊದಲು ವಿದೇಶಿ ಕರೆನ್ಸಿಯಲ್ಲೇ ದುಡ್ಡು ಬರಬೇಕಿತ್ತು. 2019ರ ಫೆಬ್ರವರಿಯಿಂದ ಆರ್‌ಬಿಐ ಅನುಮತಿ ಇರುವ ಕಡೆ ರೂಪಾಯಿಯಲ್ಲಿ ಬಂದರೂ ರಫ್ತೇ ಅಂತ ತಿದ್ದಿದರು. ನೇಪಾಳ, ಭೂತಾನ್ ಜೊತೆ ವ್ಯವಹಾರ ಮಾಡುವವರಿಗೆ ಈ ಒಂದು ಸಾಲಿನಿಂದ 18% ತೆರಿಗೆ ಕಟ್ಟುವುದು ತಪ್ಪುತ್ತದೆ. ತೆರಿಗೆ ಕಟ್ಟದೆ ರಫ್ತು ಮಾಡಲು ಬರೆದುಕೊಡುವ ಮುಚ್ಚಳಿಕೆ, ಎಲ್‌ಯುಟಿ, ಮಾತ್ರ ಪ್ರತಿ ಹಣಕಾಸು ವರ್ಷಕ್ಕೂ ಹೊಸದಾಗಿ ಕೊಡಬೇಕು, ಮರೆಯಬೇಡಿ.

ದೇಶದಿಂದ ದೇಶಕ್ಕೆ ಹೋಲಿಸುವುದಾದರೆ, ಹೊರಗಿನ ಡಿಜಿಟಲ್ ಕಂಪನಿಗಳ ಮೇಲಿನ ತೆರಿಗೆ ತುಂಬಾ ಕುತೂಹಲದ ಜಾಗ. ಭಾರತ 2016ರಲ್ಲಿ ಆನ್‌ಲೈನ್ ಜಾಹೀರಾತಿನ ಮೇಲೆ 6% ಸಮೀಕರಣ ತೆರಿಗೆ ಹಾಕಿತು. 2020ರಲ್ಲಿ ಇ-ಕಾಮರ್ಸ್‌ಗೆ 2% ಸೇರಿಸಿತು. 2%ದ್ದನ್ನು 2024ರ ಆಗಸ್ಟ್‌ನಲ್ಲಿ ತೆಗೆದರು, 6%ದ್ದನ್ನು 2025ರ ಏಪ್ರಿಲ್‌ನಿಂದ ತೆಗೆದರು. ನಾವು ತೆಗೆಯಲು ಹೊರಟ ಹೊತ್ತಿಗೆ ನೇಪಾಳ ಹಾಕಿಯಾಗಿತ್ತು, 2022ರಲ್ಲಿ, ಹೊರಗಿನವರ ಡಿಜಿಟಲ್ ಸೇವೆಗೆ 2%. ಜೊತೆಗೆ 13% ವ್ಯಾಟ್. ಶ್ರೀಲಂಕಾ ಹೊರಗಿನ ಡಿಜಿಟಲ್ ಸೇವೆಗೆ 18% ವ್ಯಾಟ್ ಹಾಕುತ್ತೇವೆ ಅಂತ 2025ರ ಅಕ್ಟೋಬರ್ 1 ಅಂದಿತು, ಆಮೇಲೆ 2026ರ ಏಪ್ರಿಲ್ 1ಕ್ಕೆ ಮುಂದೂಡಿತು. ಇಲ್ಲೂ ಅದೇ ಕಥೆ, ತಾರೀಖು ನೋಡದೆ ಏನೂ ಬರೆಯಬೇಡಿ.

ನೇಪಾಳದ 2% ನೋಡಿ ಸಣ್ಣದು ಅನ್ನಿಸುತ್ತದೆ. ಆದರೆ ಅದು ಲಾಭದ ಮೇಲಲ್ಲ, ಬಂದ ದುಡ್ಡಿನ ಮೇಲೆ. ಲಾಭವೇ ನೂರಕ್ಕೆ ಎಂಟು ಹತ್ತು ಇರುವವನಿಗೆ ಎರಡು ಹೋದರೆ ಎಷ್ಟಾಯಿತು ಲೆಕ್ಕ ಹಾಕಿ. ವರ್ಷದ ವಹಿವಾಟು ಒಂದು ಮಿತಿ ದಾಟಿದ ಮೇಲೆ ಮಾತ್ರ ಇದು ಬರುತ್ತದೆ, ಆದ್ದರಿಂದ ತೀರಾ ಸಣ್ಣವರಿಗೆ ಹೆದರಿಕೆ ಇಲ್ಲ.

ಹೊಸನಗರ_ಮೇಷ್ಟ್ರು

ಮೂರೂ ಉತ್ತರ ಚೆನ್ನಾಗಿವೆ. ಆದರೆ ಹೊಳೆಬಾಗಿಲು ಅವರ ದಾರಿಯೊಂದನ್ನೇ ಹಿಡಿದರೆ ಸಾಲದು ಅನ್ನುವುದು ನನ್ನ ಅಭಿಪ್ರಾಯ. ಒಂದು ಆರ್ಡರ್ ಹಿಂದೆ ಹೋದರೆ ಇವತ್ತಿನ ತೊಂದರೆ ಕಾಣುತ್ತದೆ. ಆ ನಾಲ್ಕು ದೇಶಗಳ ನಿಯಮ ಯಾಕೆ ಒಂದಕ್ಕೊಂದು ಹೊಂದುವುದಿಲ್ಲ ಅನ್ನುವುದು ಕಾಣುವುದಿಲ್ಲ. ಅದಕ್ಕೆ ಒಪ್ಪಂದಗಳನ್ನು ನೋಡಬೇಕು.

ನಮ್ಮ ಭಾಗದ ಸಾಫ್ಟಾ, ಅಂದರೆ ದಕ್ಷಿಣ ಏಷ್ಯಾ ಮುಕ್ತ ವ್ಯಾಪಾರ ಒಪ್ಪಂದಕ್ಕೆ ಸಹಿ ಬಿದ್ದಿದ್ದು 2004ರಲ್ಲಿ, ಜಾರಿ 2006ರಲ್ಲಿ. ಅದು ಸರಕಿನ ಸುಂಕದ ಒಪ್ಪಂದ, ಅದರಲ್ಲಿ ಇ-ಕಾಮರ್ಸ್ ಅಧ್ಯಾಯವೇ ಇಲ್ಲ. ಮಲೆನಾಡಿನವರಿಗೆ ಸುಂಕದ ಕಥೆ ಚೆನ್ನಾಗಿ ಗೊತ್ತು. ಅಗ್ಗದ ಮೆಣಸು ಶ್ರೀಲಂಕಾ ದಾರಿಯಲ್ಲಿ ಬರುತ್ತಿದೆ ಅಂತ ಬೆಳೆಗಾರರು ಕೂಗಿದ ಮೇಲೆ 2017ರ ಡಿಸೆಂಬರ್‌ನಲ್ಲಿ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ನಿಗದಿ ಮಾಡಿದರು. ಅಂದರೆ ಮೆಣಸಿನ ಚೀಲದ ಬಗ್ಗೆ ಎರಡು ದೇಶ ಕೂತು ಮಾತಾಡುವ ಜಾಗ ಇದೆ. ತುಂಗಾನಾಲೆಯವರ ತಂತ್ರಾಂಶದ ಬಗ್ಗೆ ಮಾತಾಡುವ ಜಾಗ ಸಾಫ್ಟಾದಲ್ಲಿ ಇಲ್ಲ.

ಆಗ್ನೇಯ ಏಷ್ಯಾ ದೇಶಗಳ ಕೂಟ ಆಸಿಯಾನ್ ಕಡೆ ನೋಡಿ. ಅವರು 2019ರ ಜನವರಿಯಲ್ಲಿ ಇ-ಕಾಮರ್ಸ್ ಒಪ್ಪಂದಕ್ಕೆ ಸಹಿ ಹಾಕಿದರು, 2021ರ ಡಿಸೆಂಬರ್‌ನಲ್ಲಿ ಅದು ಜಾರಿಗೆ ಬಂತು. 2023ರಿಂದ ಡಿಜಿಟಲ್ ಆರ್ಥಿಕತೆಯ ಚೌಕಟ್ಟು ಒಪ್ಪಂದಕ್ಕೆ ಮಾತುಕತೆ ಶುರು ಮಾಡಿದರು. ಅಲ್ಲೂ ಎಲ್ಲ ಸರಾಗ ಅಂತ ಅಲ್ಲ. ಇಂಡೋನೇಷ್ಯಾ 2023ರಲ್ಲಿ ಸಾಮಾಜಿಕ ಜಾಲತಾಣದೊಳಗೇ ವಸ್ತು ಮಾರುವುದನ್ನು ನಿಲ್ಲಿಸಿತು, ಅಕ್ಟೋಬರ್‌ನಲ್ಲಿ ಟಿಕ್‌ಟಾಕ್ ಶಾಪ್ ಬಾಗಿಲು ಹಾಕಬೇಕಾಯಿತು. ಹೊರದೇಶದಿಂದ ನೇರವಾಗಿ ಬರುವ ವಸ್ತುವಿಗೆ 100 ಡಾಲರ್ ಕನಿಷ್ಠ ಬೆಲೆ ಇಟ್ಟಿತು. ತಮ್ಮ ಸಂತೆ ವ್ಯಾಪಾರಿಗಳನ್ನು ಉಳಿಸಲು ಮಾಡಿದ್ದು. ಒಪ್ಪಂದದೊಳಗೆ ಇದ್ದುಕೊಂಡೂ ಒಂದು ದೇಶ ಎಷ್ಟು ದೂರ ಹೋಗಬಹುದು ಅನ್ನುವುದಕ್ಕೆ ಒಳ್ಳೆಯ ಉದಾಹರಣೆ, ಪ್ರಾಜೆಕ್ಟ್‌ನಲ್ಲಿ ಹಾಕಿಕೊಳ್ಳಿ. ಆಗ್ನೇಯ ಏಷ್ಯಾದಿಂದ ಒಂದೇ ದೇಶ ಸಾಕು ಅಂದರೆ ಇಂಡೋನೇಷ್ಯಾವನ್ನೇ ತಗೊಳ್ಳಿ. ಸಿಂಗಪುರ ಬೇಡ, ಅದರ ಜೊತೆ ನಮ್ಮನ್ನು ಹೋಲಿಸಿ ಪ್ರಯೋಜನ ಇಲ್ಲ.

ವಿಶ್ವ ವ್ಯಾಪಾರ ಸಂಘಟನೆಯ ಮಟ್ಟದಲ್ಲಿ ಇನ್ನೊಂದು. ಸಾಫ್ಟ್‌ವೇರ್, ಸಿನಿಮಾ, ಹಾಡು ಅಂತ ಇಂಟರ್ನೆಟ್ ಮೂಲಕ ಗಡಿ ದಾಟುವುದಕ್ಕೆ ಕಸ್ಟಮ್ಸ್ ಸುಂಕ ಹಾಕುವುದಿಲ್ಲ ಅನ್ನುವ ಮಾತು 1998ರದ್ದು. ಅಲ್ಲಿಂದ ಸಭೆಗೊಮ್ಮೆ ಮುಂದುವರಿಸುತ್ತಾ ಬಂದರು. 2024ರ ಅಬುಧಾಬಿ ಸಭೆಯಲ್ಲಿ, ಮುಂದಿನ ಸಭೆ ಅಥವಾ 2026ರ ಮಾರ್ಚ್ 31, ಯಾವುದು ಮೊದಲೋ ಅಲ್ಲಿಯವರೆಗೆ ಅಂದರು. ಇದು ಕಾಯಂ ಆಗಬಾರದು ಅಂತ ಭಾರತ, ದಕ್ಷಿಣ ಆಫ್ರಿಕಾ, ಇಂಡೋನೇಷ್ಯಾ ಆ ಸಭೆಯವರೆಗೂ ಹೇಳುತ್ತಾ ಬಂದಿದ್ದವು. ಇಂಡೋನೇಷ್ಯಾ 2018ರಲ್ಲೇ ತನ್ನ ಸುಂಕದ ಪಟ್ಟಿಯಲ್ಲಿ ಡಿಜಿಟಲ್ ಸರಕಿಗೆ 99ನೇ ಅಧ್ಯಾಯ ಅಂತ ಜಾಗ ಮಾಡಿ ದರ ಸೊನ್ನೆ ಅಂತ ಬರೆದಿಟ್ಟುಕೊಂಡಿತು. ಭಾರತ ಇ-ಕಾಮರ್ಸ್ ಕುರಿತ ಜಂಟಿ ಮಾತುಕತೆಗೆ ಸೇರಲೇ ಇಲ್ಲ. ನನ್ನ ಮಟ್ಟಿಗೆ ಅದು ಸರಿಯಾದ ತೀರ್ಮಾನ. ಇನ್ನೂ ಬೆಳೆಯುತ್ತಿರುವ ದೇಶ ಕೈ ಕಟ್ಟಿಸಿಕೊಳ್ಳಬಾರದು.

ತುಂಗಾನಾಲೆ

ಮೇಷ್ಟ್ರೇ, ಒಪ್ಪಂದಗಳನ್ನು ನೋಡಬೇಕು ಅನ್ನುವುದನ್ನು ಒಪ್ಪುತ್ತೇನೆ. ಕೊನೆಯ ಮಾತು ಮಾತ್ರ ಒಪ್ಪಲಾರೆ. ಜಂಟಿ ಮಾತುಕತೆಗೆ ಸೇರದ ನಾವು ಎರಡು ದೇಶಗಳ ನಡುವಿನ ಒಪ್ಪಂದಗಳಲ್ಲಿ ಡಿಜಿಟಲ್ ಅಧ್ಯಾಯಕ್ಕೆ ಸಹಿ ಹಾಕುತ್ತಲೇ ಇದ್ದೇವೆ. 2022ರಲ್ಲಿ ಯುಎಇ ಜೊತೆ, 2025ರ ಜುಲೈನಲ್ಲಿ ಬ್ರಿಟನ್ ಜೊತೆ. ಅವೆಲ್ಲ ದೂರದ, ಶ್ರೀಮಂತ ದೇಶಗಳು. ಪಕ್ಕದ ನೇಪಾಳದ ಶಾಲೆಗೆ ಬಿಲ್ ಕಳಿಸುವ ನನಗೆ ಅದರಿಂದ ಏನೂ ಸಿಗಲಿಲ್ಲ. ಕೈ ಕಟ್ಟಿಸಿಕೊಳ್ಳದೆ ಇರುವುದಕ್ಕೂ ಪಕ್ಕದವರ ಜೊತೆ ಕೂತು ಮಾತಾಡದೆ ಇರುವುದಕ್ಕೂ ವ್ಯತ್ಯಾಸ ಇದೆ ಸರ್.

ಇನ್ನೊಂದು ಸಂಗತಿ ಬಿಟ್ಟು ಹೋಗಿತ್ತು. 2025ರ ಸೆಪ್ಟೆಂಬರ್ 4ರಂದು ನೇಪಾಳ ನೋಂದಣಿ ಮಾಡಿಸಿಲ್ಲ ಅಂತ ಹೇಳಿ ಫೇಸ್‌ಬುಕ್, ವಾಟ್ಸ್ಆ್ಯಪ್, ಯೂಟ್ಯೂಬ್ ಸೇರಿ 26 ತಾಣಗಳನ್ನು ನಿಲ್ಲಿಸಿತು. ಆಮೇಲೆ ಯುವಕರ ಪ್ರತಿಭಟನೆ, ಗುಂಡೇಟು, ಸಾವು, 9ರಂದು ಪ್ರಧಾನಿ ರಾಜೀನಾಮೆ, ಎಲ್ಲ ಗೊತ್ತಿರುವುದೇ. ಅದೇ ವರ್ಷ ಅಲ್ಲಿ ಇ-ಕಾಮರ್ಸ್ ಕಾಯ್ದೆಯೂ ಬಂದಿತ್ತು, ಆನ್‌ಲೈನ್ ಮಾರುವವರು ನೋಂದಣಿ ಮಾಡಿಸಬೇಕು, ತಮ್ಮ ವಿವರ ತಾಣದಲ್ಲಿ ಹಾಕಬೇಕು ಅನ್ನುವ ಒಳ್ಳೆಯ ಕಾಯ್ದೆ. ಆದರೆ ಫೇಸ್‌ಬುಕ್ ಪುಟವನ್ನೇ ಅಂಗಡಿ ಮಾಡಿಕೊಂಡ ಕಠ್ಮಂಡುವಿನ ಸಣ್ಣ ವ್ಯಾಪಾರಿಗೆ ಆ ದಿನಗಳಲ್ಲಿ ಅಂಗಡಿಯೇ ಇರಲಿಲ್ಲ. ನಮ್ಮ ಶಾಲೆಗಳ ಜೊತೆ ಮಾತೆಲ್ಲ ವಾಟ್ಸ್ಆ್ಯಪ್‌ನಲ್ಲಿ ನಡೆಯುತ್ತಿತ್ತು, ಅದು ನಿಂತಿತು. ಇಮೇಲ್ ನೋಡುವ ಅಭ್ಯಾಸ ಇರುವ ಹೆಡ್‌ಮಾಸ್ಟರುಗಳು ಕಡಿಮೆ. ಇ-ಕಾಮರ್ಸ್ ಕಾಯ್ದೆಯನ್ನು ಮಾತ್ರ ಓದಿದವರಿಗೆ ಈ ಅಪಾಯ ಕಾಣುವುದೇ ಇಲ್ಲ. ತಾಣಗಳನ್ನು ನಿಲ್ಲಿಸುವ ಅಧಿಕಾರ ಯಾರಿಗಿದೆ, ಎಷ್ಟು ಬೇಗ ಬಳಸುತ್ತಾರೆ ಅನ್ನುವುದೂ ವ್ಯಾಪಾರದ ನಿಯಮವೇ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ನಮ್ಮಲ್ಲೂ ಇಂಟರ್ನೆಟ್ ನಿಲ್ಲಿಸುವುದು ಹೊಸದಲ್ಲ, ಆದ್ದರಿಂದ ಭಾರತದ ಸಾಲಿನಲ್ಲೂ ಅದನ್ನು ಬರೆಯಿರಿ.

ಶಂಕರಘಟ್ಟ_ಎಂಕಾಂ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ಬರುತ್ತದೆ ಅಂತ ಅಂದುಕೊಂಡಿರಲಿಲ್ಲ. ಹೀಗೆ ಮಾಡುತ್ತೇನೆ: ದೇಶಗಳು ನಾಲ್ಕು ಪ್ಲಸ್ ಇಂಡೋನೇಷ್ಯಾ. ಎರಡು ಆರ್ಡರ್ ತಗೊಳ್ಳುತ್ತೇನೆ, ಒಂದು ಮೆಣಸಿನ ಪಾರ್ಸೆಲ್, ಇನ್ನೊಂದು ತಂತ್ರಾಂಶ. ಪ್ರತಿ ನಿಲುಗಡೆಯಲ್ಲಿ ನಿಯಮ ಮತ್ತು ಮೂರು ತಾರೀಖು. ಒಪ್ಪಂದಗಳಿಗೆ ಬೇರೆ ಅಧ್ಯಾಯ. ತಾಣ ನಿಲ್ಲಿಸುವ ಅಧಿಕಾರ ಬೇರೆ ಕಾಲಂ.

ಮೇಷ್ಟ್ರೇ, ಅಂಕ ಕೊಟ್ಟು ಹೋಲಿಸಬೇಕಾ? ಗೈಡ್ ಸೂಚ್ಯಂಕ ಮಾಡು ಅನ್ನುತ್ತಿದ್ದಾರೆ.

ಹೊಸನಗರ_ಮೇಷ್ಟ್ರು

ನೀನೇ ಹೊಸದಾಗಿ ಮಾಡಬೇಡಮ್ಮ. ವಿಶ್ವಸಂಸ್ಥೆಯ ಏಷ್ಯಾ-ಪೆಸಿಫಿಕ್ ಆಯೋಗ ಎಸ್ಕಾಪ್ ಇದಕ್ಕೇ ಅಂತ ಪ್ರಾದೇಶಿಕ ಡಿಜಿಟಲ್ ವ್ಯಾಪಾರ ಸೂಚ್ಯಂಕ ಮಾಡಿದೆ, ಆರ್‌ಡಿಟಿಐಐ ಅನ್ನುತ್ತಾರೆ. ಸುಂಕ, ಮಾಹಿತಿ ನೀತಿ, ತಾಣಗಳ ಹೊಣೆ, ಆನ್‌ಲೈನ್ ಮಾರಾಟ ಅಂತ 12 ಕಂಬಗಳ ಮೇಲೆ ಅಳೆಯುತ್ತದೆ. ಅದರ ಅಂಕವನ್ನು ಪಕ್ಕದಲ್ಲಿಟ್ಟುಕೋ. ನಿನ್ನ ಎರಡು ಆರ್ಡರ್‌ಗಳ ಕಥೆಗೂ ಅದರ ಅಂಕಕ್ಕೂ ಎಲ್ಲಿ ತಾಳೆಯಾಗುವುದಿಲ್ಲವೋ ಆ ಜಾಗವನ್ನೇ ಹಿಡಿದು ಬರೆ. ವೈವಾದಲ್ಲಿ ಕೇಳುವುದು ಅದನ್ನೇ.

ಹೊಳೆಬಾಗಿಲು

ನಿಮ್ಮೂರಿನ ಸಂಘದವರಿಗೆ ಸದ್ಯಕ್ಕೆ ಹೇಳು: ಮೊದಲು ಐಇಸಿ, ಎಫ್‌ಎಸ್‌ಎಸ್‌ಎಐ ಮಾಡಿಸಿಕೊಳ್ಳಲಿ, ಸಂಘದ ಹೆಸರಲ್ಲೇ. ಉಪ್ಪಿನಕಾಯಿಗಿಂತ ಮೆಣಸು ಮೊದಲು ಕಳಿಸಲಿ, ಎಣ್ಣೆ ಸೋರುವ ಭಯ ಇಲ್ಲ. ಚೆನ್ನಾಗಿ ಒಣಗಿಸಿ, ಒಳಗೊಂದು ಕವರ್ ಹೊರಗೊಂದು ಕವರ್ ಹಾಕಿ ಸೀಲ್ ಮಾಡಲಿ. ಪೋಸ್ಟಲ್ ಬಿಲ್ ತುಂಬುವಾಗ ಬೇಕಾದರೆ ನನಗೆ ಇಲ್ಲೇ ಸಂದೇಶ ಹಾಕು, ಒಂದು ಸಲ ಜೊತೆಗೆ ಕೂತು ತುಂಬಿಸಿಕೊಡುತ್ತೇನೆ. ನಿನ್ನ ಪ್ರಾಜೆಕ್ಟ್‌ಗೂ ಅದೇ ಮೊದಲ ಆರ್ಡರ್ ಆಗಲಿ.